ಕರುವಿಗೆ ರಕ್ತಭೇದಿ ಆದಾಗ ಸಲ್ಫಾ ಮದ್ದು ಕೊಡೋದು ಹೇಗೆ

ಆಟಿ ತಿಂಗಳ ಮಳೆ ಹಿಡಿದ ಮೇಲೆ ಕೇರಳದ ಗಡಿ ಜಿಲ್ಲೆ ಕಾಸರಗೋಡಿನಲ್ಲಿರುವ ನಮ್ಮ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಯಾವುದಾದ್ರೂ ದನದ ಹಟ್ಟಿಯಿಂದ ಒಂದು ಫೋನ್ ಬಂದೇ ಬರ್ತದೆ. ಅಕ್ಕ, ಕರು ಎರಡು ದಿನದಿಂದ ನೀರಾಗಿ ಹಾಕ್ತಾ ಉಂಟು, ಇವತ್ತು ಬೆಳಿಗ್ಗೆ ನೋಡಿದ್ರೆ ಸೆಗಣಿಯಲ್ಲಿ ರಕ್ತ, ಬಾಲ ಹಿಂಗಾಲು ಎಲ್ಲ ಮೆತ್ತಿಕೊಂಡಿದೆ, ಹಾಲು ಕುಡಿಯಲಿಕ್ಕೂ ಏಳುವುದಿಲ್ಲ, ಆ ಸಲ್ಫಾ ಗುಳಿಗೆ ಉಂಟಲ್ಲ, ಅದು ಎಷ್ಟು ಕೊಡೋದು ಅಂತ. ನಾನು ಡಾಕ್ಟರ್ ಅಲ್ಲ, ದನ ಸಾಕುವವಳು. ಆದ್ರೆ ಈ ಮದ್ದಿನ ವಿಷಯದಲ್ಲಿ ಒಂದು ಸಲ ದೊಡ್ಡ ತಪ್ಪು ಮಾಡಿ, ಅದರ ನಂತರ ನಮ್ಮ ಮೃಗಾಸ್ಪತ್ರೆಯ ಡಾಕ್ಟರಲ್ಲಿ ಕೇಳಿ ಕೇಳಿ, ಲೇಬಲ್ ಓದಿ ಓದಿ ಕಲಿತದ್ದು ಸುಮಾರುಂಟು. ಅದನ್ನೆಲ್ಲ ಒಂದು ಕಡೆ ಬರೆದು ಇಡ್ತೇನೆ, ಪ್ರತಿ ಸಲ ಫೋನಲ್ಲಿ ಹೇಳುವಾಗ ಏನಾದ್ರೂ ಒಂದು ಬಿಟ್ಟುಹೋಗ್ತದೆ.

ಮೊದಲು ಹೆಸರಿನ ಗೊಂದಲ. ಸಲ್ಫಾ ಅಂದ ಕೂಡ್ಲೇ ನಮ್ಮ ಊರಲ್ಲಿ ಎಷ್ಟೋ ಜನ ಹೆದರ್ತಾರೆ, ಅದಕ್ಕೆ ಕಾರಣ ಉಂಟು. ಎಣ್ಮಕಜೆ, ಪಡ್ರೆ ಕಡೆ ಗೇರು ತೋಟದ ಮೇಲೆ 2000ದವರೆಗೆ ಹೆಲಿಕಾಪ್ಟರಿನಲ್ಲಿ ಸುರಿದ ಎಂಡೋಸಲ್ಫಾನ್ ನಮ್ಮ ಮಕ್ಕಳಿಗೆ ಎಂತ ಮಾಡಿತು ಅಂತ ನಾವು ಕಣ್ಣಾರೆ ಕಂಡವರು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿದ್ದೂ ಗೊತ್ತುಂಟು. ಆದ್ರೆ ಅದು ಕ್ಲೋರಿನ್ ಇರುವ ಕೀಟನಾಶಕ, ಇದು ಬ್ಯಾಕ್ಟೀರಿಯಾದ ಮದ್ದು, ಎರಡರಲ್ಲೂ ಗಂಧಕದ ಅಂಶ ಉಂಟು ಅನ್ನೋದು ಬಿಟ್ರೆ ಸಂಬಂಧ ಇಲ್ಲ. ಹಾಗೇ ಅಡಿಕೆಗೆ ಬಿಡುವ ಮೈಲುತುತ್ತಿಗೂ ಇದಕ್ಕೂ ಸಂಬಂಧ ಇಲ್ಲ, ಅದು ತಾಮ್ರದ ಸಲ್ಫೇಟ್. ಸಲ್ಫಾ ಮದ್ದು ಅಂದ್ರೆ ಸಲ್ಫೊನಮೈಡ್ ಜಾತಿಯದ್ದು, ಫ್ಯಾಕ್ಟರಿಯಲ್ಲಿ ಮಾಡಿದ ಮದ್ದು, ಪೆನ್ಸಿಲಿನ್ ಹಾಗೆ ಬೂಷ್ಟಿನಿಂದ ಬಂದದ್ದಲ್ಲ. ಪೆನ್ಸಿಲಿನ್ ಜನರ ಕೈಗೆ ಸಿಗುವ ಮೊದಲೇ ಇದು ಬಂದಿತ್ತು. ಜರ್ಮನಿಯಲ್ಲಿ ಗೆರ್ಹಾರ್ಡ್ ಡೊಮಾಕ್ ಅನ್ನುವವರು 1932ರಲ್ಲಿ ಒಂದು ಕೆಂಪು ಬಣ್ಣದ ಪುಡಿಯನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ಸಿಕ್ಕಿದ್ದು, ಅದಕ್ಕೆ ಅವರಿಗೆ 1939ರ ನೊಬೆಲ್ ಬಂತು. ಮನುಷ್ಯರಿಗೆ ಈಗ ಇದರ ಬಳಕೆ ಕಮ್ಮಿ ಆಗಿದೆ, ದನ ಆಡು ಕೋಳಿಗೆ ಇನ್ನೂ ಉಂಟು. ನಮ್ಮ ಕಡೆ ಕರುಗಳಿಗೆ ಜಾಸ್ತಿ ಕೊಡುವುದು ಸಲ್ಫಾಡಿಮಿಡಿನ್. ಇದನ್ನೇ ಅಮೆರಿಕದವರು ಸಲ್ಫಾಮೆಥಜಿನ್ ಅಂತಾರೆ, ಲೇಬಲ್‌ನಲ್ಲಿ ಯಾವ ಹೆಸರಿದ್ರೂ ಮದ್ದು ಒಂದೇ.

ಇದು ಕೆಲಸ ಮಾಡುವ ಕ್ರಮ ಸ್ವಲ್ಪ ಗೊತ್ತಿದ್ರೆ ಮುಂದೆ ಹೇಳುವ ಕಟ್ಟುಪಾಡು ಎಲ್ಲ ಯಾಕೆ ಅಂತ ತಾನೇ ಅರ್ಥ ಆಗ್ತದೆ. ರೋಗಾಣುವಿಗೆ ಬೆಳಿಲಿಕ್ಕೆ ಫೋಲಿಕ್ ಆಸಿಡ್ ಬೇಕು. ನಮಗೆ, ದನಕ್ಕೆ ಅದು ಆಹಾರದಿಂದ ಸಿಗ್ತದೆ, ರೋಗಾಣು ಮಾತ್ರ ಅದನ್ನು ಸ್ವಂತ ತಯಾರು ಮಾಡಿಕೊಳ್ಳಬೇಕು, ಅದಕ್ಕೆ ಅದು ಪಾಬಾ ಅನ್ನುವ ಒಂದು ವಸ್ತು ಎತ್ತಿಕೊಳ್ತದೆ. ಸಲ್ಫಾ ನೋಡ್ಲಿಕ್ಕೆ ಹೆಚ್ಚುಕಮ್ಮಿ ಆ ಪಾಬಾದ ಹಾಗೇ. ವೀಳ್ಯದೆಲೆಗೆ ಸುಣ್ಣ ಅಂತ ತಿಳ್ಕೊಂಡು ಮೈದಾ ಉಜ್ಜಿ ಜಗಿದ್ರೆ ಎಷ್ಟು ಜಗಿದ್ರೂ ಬಾಯಿ ಕೆಂಪಾಗುವುದಿಲ್ಲ ಅಲ್ವಾ, ಹಾಗೆ ರೋಗಾಣು ಸಲ್ಫಾ ಎತ್ತಿಕೊಂಡ್ರೆ ಫೋಲಿಕ್ ಆಸಿಡ್ ಆಗುವುದಿಲ್ಲ, ಬೆಳವಣಿಗೆ ನಿಲ್ತದೆ. ನಿಲ್ತದೆ ಅಷ್ಟೇ, ಸಾಯುವುದಿಲ್ಲ. ಕೊಲ್ಲುವ ಕೆಲಸ ಕರುವಿನ ಮೈಯೇ ಮಾಡಬೇಕು. ಹಾಗಾಗಿ ಮೂರು ವಿಷಯ: ಸುರುವಿಗೆ ರಕ್ತದಲ್ಲಿ ಮದ್ದು ತುಂಬಬೇಕು, ಅದಕ್ಕೇ ಮೊದಲನೇ ದಿನ ಡಬ್ಬಲ್; ನಡುವಲ್ಲಿ ನಿಲ್ಲಿಸಿದ್ರೆ ರೋಗಾಣು ಮತ್ತೆ ಎದ್ದು ಕೂತುಕೊಳ್ತದೆ; ಮತ್ತೆ ಮೈಗೆ ಶಕ್ತಿ ಇಲ್ಲದ ಕರುವಿಗೆ ಬರೀ ಮದ್ದು ಕೊಟ್ಟು ಸುಮ್ಮನೆ ಕೂತ್ರೆ ಪ್ರಯೋಜನ ಇಲ್ಲ, ಹಾಲು ನೀರು ಬೆಚ್ಚಗಿನ ಜಾಗ ಎಲ್ಲ ಬೇಕು.

ಮಳೆಗಾಲದ ರಕ್ತಭೇದಿಗೆ ಜಾಸ್ತಿ ಸಲ ಕಾರಣ ಕಾಕ್ಸಿಡಿಯಾ ಅನ್ನುವ ಸಣ್ಣ ಜೀವಿ, ಕಣ್ಣಿಗೆ ಕಾಣುವ ಹುಳ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ, ಆದ್ರೆ ಅದಕ್ಕೂ ಫೋಲಿಕ್ ಆಸಿಡ್ ಸ್ವಂತ ಮಾಡ್ಲಿಕ್ಕಿರುವ ಕಾರಣ ಸಲ್ಫಾ ಹಿಡೀತದೆ. ಕರುಗಳಲ್ಲಿ ಮೂರು ವಾರದಿಂದ ಆರು ತಿಂಗಳವರೆಗೆ, ಆಡುಮರಿಯಲ್ಲಿ ಹಾಲು ಬಿಡಿಸುವ ಹೊತ್ತಿಗೆ ಇದು ಜೋರು. ಸೆಗಣಿ ನೀರಾಗಿ, ಲೋಳೆ ಲೋಳೆಯಾಗಿ, ಮತ್ತೆ ರಕ್ತ, ಹಾಕುವಾಗ ಕರು ಬೆನ್ನು ಬಗ್ಗಿಸಿ ತಿಣುಕ್ತದೆ. ಆದ್ರೆ ಎಲ್ಲ ಭೇದಿಯೂ ಇದೇ ಅಲ್ಲ. ಹುಟ್ಟಿ ಒಂದು ವಾರವೂ ಆಗದ ಕರುವಿನ ಬಿಳಿ ಭೇದಿ ಬೇರೆ, ಜಂತುಹುಳದ್ದು ಬೇರೆ, ವೈರಸ್‌ನದ್ದು ಬೇರೆ. ವೈರಸ್‌ಗೆ, ಹುಳಕ್ಕೆ ಸಲ್ಫಾ ತಾಗುವುದೇ ಇಲ್ಲ. ಇನ್ನೊಂದು, ದನ ಕೆಂಪು ಮೂತ್ರ ಮಾಡ್ತಾ ಉಂಟು ಅಂತ ಸಲ್ಫಾ ಕೊಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಉಣ್ಣಿಯಿಂದ ಬರುವ ಬಬೇಸಿಯಾ ರೋಗದಲ್ಲಿ ಮೂತ್ರ ಕೆಂಪಾಗ್ತದೆ, ಅದರ ಮದ್ದೇ ಬೇರೆ, ಅಲ್ಲಿ ಒಂದು ದಿನ ತಡ ಆದ್ರೂ ದನ ಹೋಗ್ತದೆ. ಸೆಗಣಿಯಲ್ಲಿ ರಕ್ತವಾ ಮೂತ್ರದಲ್ಲಿ ರಕ್ತವಾ ಅಂತ ಸರಿಯಾಗಿ ನೋಡಿ ಹೇಳಿ.

ಖಚಿತ ಆಗ್ಲಿಕ್ಕೆ ಸುಲಭದ ದಾರಿ ಸೆಗಣಿ ಪರೀಕ್ಷೆ. ನೆಲದಿಂದ ಕೆರೆದು ತಕ್ಕೊಂಡು ಹೋಗ್ಬೇಡಿ, ಕರು ಹಾಕುವಾಗಲೇ ಒಂದು ಶುದ್ಧ ಡಬ್ಬಿಯಲ್ಲಿ ಒಂದೆರಡು ಚಮಚದಷ್ಟು ಹಿಡಿದು, ಮುಚ್ಚಳ ಹಾಕಿ, ಅದೇ ದಿನ ಮೃಗಾಸ್ಪತ್ರೆಗೆ ಮುಟ್ಟಿಸಿ. ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ್ರೆ ಗೊತ್ತಾಗ್ತದೆ. ರೋಗ ತೀರಾ ಸುರುವಲ್ಲಿ ಕೆಲವು ಸಲ ಕಾಣ್ಲಿಕ್ಕಿಲ್ಲ, ಆಗ ಡಾಕ್ಟರು ಲಕ್ಷಣ ನೋಡಿಯೇ ತೀರ್ಮಾನ ಮಾಡ್ತಾರೆ. ಕರುವನ್ನು ಹೊತ್ತುಕೊಂಡು ಹೋಗ್ಲಿಕ್ಕೆ ಆಗದವರು 1962ಕ್ಕೆ ಫೋನ್ ಮಾಡಿ ಸಂಚಾರಿ ಘಟಕವನ್ನು ಕೇಳಿ ನೋಡಬಹುದು.

ಡಾಕ್ಟರ ಹತ್ರ ಮಾತಾಡುವುದೂ ನಮ್ಮಲ್ಲಿ ಕೆಲವರಿಗೆ ಒಂದು ಕಷ್ಟವೇ. ಡಾಕ್ಟರು ತೆಂಕು ಜಿಲ್ಲೆಯಿಂದ ಬಂದವರಾದ್ರೆ ಕನ್ನಡ ತುಳು ಬರುವುದಿಲ್ಲ, ನಮ್ಮ ಮನೆ ಹಿರಿಯರಿಗೆ ಮಲಯಾಳ ಬರುವುದಿಲ್ಲ, ಇಬ್ಬರೂ ಕೈಸನ್ನೆ ಮಾಡಿ ಮುಖ್ಯ ವಿಷಯವೇ ಬಿಟ್ಟುಹೋಗ್ತದೆ. ಐದಾರು ಶಬ್ದ ನೆನಪಿಟ್ಟುಕೊಂಡ್ರೆ ಸಾಕು: ಭೇದಿಗೆ ವಯರಿಳಕ್ಕಂ, ರಕ್ತಕ್ಕೆ ಚೋರ, ಸೆಗಣಿಗೆ ಚಾಣಗಂ, ಜ್ವರಕ್ಕೆ ಪನಿ, ತೂಕಕ್ಕೆ ತೂಕ್ಕಂ, ಗಬ್ಬ ಆಗಿದ್ರೆ ಚೆನ. ಎಷ್ಟು ದಿನದಿಂದ, ಕರುವಿಗೆ ಎಷ್ಟು ತಿಂಗಳು, ಮೂತ್ರ ಮಾಡ್ತದಾ, ಮೊದಲೇ ಏನಾದ್ರೂ ಮದ್ದು ಕೊಟ್ಟಿದ್ದೀರಾ, ಈ ನಾಲ್ಕು ಕೇಳದಿದ್ರೂ ನೀವೇ ಹೇಳಿ. ನಿಮ್ಮಷ್ಟಕ್ಕೆ ಒಂದು ಗುಳಿಗೆ ಕೊಟ್ಟಿದ್ರೆ ಅದನ್ನು ಮುಚ್ಚಿಡಬೇಡಿ, ಬೈದ್ರೆ ಬೈಸಿಕೊಳ್ಳಿ.

ಯಾಕೆ ಹೇಳ್ತೇನೆ ಅಂದ್ರೆ ನಾನು ಮುಚ್ಚಿಟ್ಟಿದ್ದೆ. ಆರು ವರ್ಷ ಹಿಂದೆ ನಮ್ಮ ಗಿಡ್ಡ ದನದ ಎರಡು ತಿಂಗಳ ಹೆಣ್ಣು ಕರುವಿಗೆ ಹೀಗೇ ರಕ್ತಭೇದಿ ಆಯ್ತು, ಜೋರು ಮಳೆ, ಕರೆಂಟಿಲ್ಲ, ಗುಡ್ಡೆ ರಸ್ತೆಗೆ ಜೀಪೂ ಬರುವುದಿಲ್ಲ. ಮನೆಯಲ್ಲಿ ಪುತ್ತೂರಿಗೆ ಹೋದಾಗ ತಂದಿಟ್ಟ 5 ಗ್ರಾಮಿನ ಬೋಲಸ್, ಅಂದ್ರೆ ದನಕ್ಕೆ ಕೊಡುವ ದೊಡ್ಡ ಗುಳಿಗೆ, ಇತ್ತು. ನೆಂಟರೊಬ್ಬರ ಜೆರ್ಸಿ ಕರುವಿಗೆ ಡಾಕ್ಟರು ಸುರುವಿಗೆ ಎರಡು ಕೊಟ್ಟದ್ದು ನೆನಪಿತ್ತು, ನಾನೂ ಎರಡು ಅರೆದು ಕುಡಿಸಿದೆ, ಮರುದಿನ ಮತ್ತೆ ಎರಡು. ಭೇದಿ ಆಗುವಾಗ ನೀರು ಕೊಟ್ರೆ ಜಾಸ್ತಿ ಆಗ್ತದೆ ಅಂತ ನಮ್ಮ ಅತ್ತೆಯವರ ಕಾಲದಿಂದ ನಂಬಿಕೆ, ಹಾಗಾಗಿ ನೀರೂ ಕೊಡ್ಲಿಲ್ಲ, ಹಾಲೂ ಬಿಡ್ಲಿಲ್ಲ. ಮೂರನೇ ದಿನ ಕರು ಮೂತ್ರಕ್ಕೆ ನಿಂತದ್ದು ನಿಂತೇ ಇತ್ತು, ಹನಿ ಹನಿ ಬರ್ತದೆ, ಅದೂ ಕೆಂಪು. ಮಳೆಯಲ್ಲಿ ನೆನೆದುಕೊಂಡು ಬಂದ ಡಾಕ್ಟರು ಎಂತ ಕೊಟ್ಟಿದ್ದೀರಿ ಅಂತ ಕೇಳಿದ್ರು, ನಾನು ಕಷಾಯ ಮಾತ್ರ ಅಂದೆ. ಎರಡನೇ ಸಲ ಕೇಳುವಾಗ ಅತ್ತೆಯವರೇ ಗುಳಿಗೆಯ ಪೊಟ್ಟಣ ತಂದು ಅವರ ಕೈಗೆ ಕೊಟ್ರು. ಅವರು ಲೆಕ್ಕ ಹಾಕಿ ತೋರಿಸಿದ್ರು: ಕರು 18 ಕಿಲೋ, ಸುರುವಿಗೆ ಬೇಕಾದ್ದು 3.6 ಗ್ರಾಂ, ನಾನು ಕೊಟ್ಟದ್ದು 10 ಗ್ರಾಂ. ಎರಡನೇ ದಿನ ಬೇಕಾದ್ದು 1.8, ಆಗಲೂ ನಾನು ಕೊಟ್ಟದ್ದು 10. ಮದ್ದು ಕಿಡ್ನಿಯಲ್ಲಿ ಹರಳು ಕಟ್ಟಿತ್ತು. ಡ್ರಿಪ್ ಹಾಕಿ ಎರಡು ದಿನ ಅವರು ಬಂದು ನೋಡಿದ್ರು, ಕರು ಉಳಿಯಿತು, ಈಗ ಅದು ಎರಡನೇ ಕರು ಹಾಕಿದೆ. ಆ ಡಾಕ್ಟರ ಋಣ ನನ್ನ ಮೇಲೆ ಉಂಟು.

ಹಾಗಾಗಿ ಮೊದಲನೇ ಕೆಲಸ ತೂಕ. ಕಣ್ಣಂದಾಜು ಬೇಡವೇ ಬೇಡ, ನಮ್ಮ ಕಾಸರಗೋಡು ಗಿಡ್ಡದ ಕರುವಿಗೂ ಜೆರ್ಸಿ, ಎಚ್‌ಎಫ್ ಕರುವಿಗೂ ವಯಸ್ಸು ಒಂದೇ ಆದ್ರೂ ತೂಕದಲ್ಲಿ ಎಷ್ಟೋ ವ್ಯತ್ಯಾಸ. ಸಣ್ಣ ಕರು, ಆಡುಮರಿ ಆದ್ರೆ ನೀವು ಎತ್ತಿಕೊಂಡು ಮನುಷ್ಯರ ತೂಕದ ಮಿಷನಿಗೆ ಹತ್ತಿ, ಮತ್ತೆ ನಿಮ್ಮ ತೂಕ ಕಳೆಯಿರಿ. ಅಡಿಕೆ ತೂಗುವ ತಕ್ಕಡಿಗೆ ಗೋಣಿ ಕಟ್ಟಿ ತೂಗಿದ್ರೂ ಆಗ್ತದೆ. ಎತ್ತಲಿಕ್ಕೆ ಆಗದ್ದಾದ್ರೆ ಟೇಪು. ದರ್ಜಿಯ ಟೇಪಿನಲ್ಲಿ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಲ್ಲಿ ತೆಗೆಯಿರಿ, ಹೆಗಲಿನ ಮುಂದಿನ ಮೂಳೆಯಿಂದ ಹಿಂದೆ ಬಾಲದ ಕೆಳಗಿನ ಮೂಳೆಯವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10840ರಿಂದ ಭಾಗಿಸಿ. ಬರುವುದು ಕಿಲೋ. ಉದಾಹರಣೆಗೆ ಸುತ್ತಳತೆ 66, ಉದ್ದ 62 ಅಂತ ಇಟ್ಟುಕೊಳ್ಳಿ, 66ಕ್ಕೆ 66 ಗುಣಿಸಿದ್ರೆ 4356, ಅದಕ್ಕೆ 62 ಗುಣಿಸಿದ್ರೆ 270072, ಭಾಗಿಸಿದ್ರೆ ಸುಮಾರು 25 ಕಿಲೋ. ಸ್ವಲ್ಪ ಆಚೀಚೆ ಆಗ್ತದೆ, ಆದ್ರೆ ಅಂದಾಜಿಗಿಂತ ಎಷ್ಟೋ ವಾಸಿ. ಕರು ನೇರ ನಿಂತಿರಬೇಕು, ಟೇಪು ಬಿಗಿಯೂ ಬೇಡ ಸಡಿಲವೂ ಬೇಡ.

ಸಲ್ಫಾಡಿಮಿಡಿನ್‌ನ ಸಾಮಾನ್ಯ ಲೆಕ್ಕ ಹೀಗೆ: ಮೊದಲನೇ ದಿನ ಕಿಲೋಗೆ 200 ಮಿಲಿಗ್ರಾಂ, ನಂತರ ದಿನಕ್ಕೊಂದು ಸಲ ಕಿಲೋಗೆ 100 ಮಿಲಿಗ್ರಾಂ, ಇನ್ನೂ ಮೂರು ನಾಲ್ಕು ದಿನ. 25 ಕಿಲೋ ಕರುವಿಗೆ ಸುರುವಿಗೆ 5 ಗ್ರಾಂ, ಅಂದ್ರೆ 5 ಗ್ರಾಮಿನ ಬೋಲಸ್ ಒಂದು, ಮರುದಿನದಿಂದ ಅರ್ಧ ಅರ್ಧ. ಇದು ನಿಮ್ಮ ಕೈಯಲ್ಲಿರುವ ಡಾಕ್ಟರ ಚೀಟಿ ಸರಿ ಉಂಟಾ ಅಂತ ನೋಡಿಕೊಳ್ಳಲಿಕ್ಕೆ, ಚೀಟಿ ಇಲ್ಲದೆ ಕೊಡ್ಲಿಕ್ಕೆ ಅಲ್ಲ. ಡಾಕ್ಟರು ಬೇರೆ ಲೆಕ್ಕ ಹೇಳಿದ್ರೆ ಅದಕ್ಕೆ ಕಾರಣ ಇರ್ತದೆ, ಕರುವಿನ ಕಿಡ್ನಿ, ಲಿವರ್, ನೀರಿನ ಅಂಶ ಎಲ್ಲ ನೋಡಿ ಅವರು ಬದಲಿಸ್ತಾರೆ, ಯಾಕೆ ಅಂತ ಕೇಳಿ, ಆದ್ರೆ ಅವರು ಹೇಳಿದ್ದೇ ಕೊಡಿ.

ಲೇಬಲ್ ಓದುವಾಗ ಅಕ್ಷರ ಅಕ್ಷರ ನೋಡಿ. ಸಲ್ಫಾಡಿಮಿಡಿನ್ ಬೇರೆ, ಸಲ್ಫಾಡಿಮೆಥಾಕ್ಸಿನ್ ಬೇರೆ. ಎರಡನೆಯದ್ದರ ಡೋಸು ಸುರುವಿಗೆ ಕಿಲೋಗೆ 55 ಮಿಲಿಗ್ರಾಂ, ನಂತರ ಅದರ ಅರ್ಧ. ಹೆಸರು ಹತ್ರ ಹತ್ರ ಉಂಟು ಅಂತ ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದ್ರೆ ಹೆಚ್ಚುಕಮ್ಮಿ ನಾಲ್ಕು ಪಟ್ಟು ಆಗ್ತದೆ. ಸಲ್ಫಾಡಯಾಜಿನ್ ಜೊತೆ ಟ್ರೈಮೆಥೋಪ್ರಿಮ್ ಸೇರಿಸಿದ್ದೂ ಬರ್ತದೆ, 5ಕ್ಕೆ 1ರ ಹಾಗೆ, ಅದು ಎರಡು ಕಡೆಯಿಂದ ದಾರಿ ಕಟ್ಟುವ ಕಾರಣ ಡೋಸು ತುಂಬ ಕಮ್ಮಿ. ಮೆಲುಕು ಹಾಕುವ ದೊಡ್ಡ ದನಕ್ಕೆ ಬಾಯಲ್ಲಿ ಕೊಟ್ರೆ ಟ್ರೈಮೆಥೋಪ್ರಿಮ್ ಹೊಟ್ಟೆಯಲ್ಲೇ ಹಾಳಾಗ್ತದೆ, ಅದಕ್ಕೆ ಡಾಕ್ಟರು ಇಂಜೆಕ್ಷನ್ ಬರೀತಾರೆ.

ಕುಡಿಸುವ ಕ್ರಮ. ಗುಳಿಗೆಯನ್ನು ನುಣ್ಣಗೆ ಅರೆದು ಒಂದು ಗ್ಲಾಸ್ ಉಗುರುಬೆಚ್ಚಗಿನ ನೀರಿಗೆ ಹಾಕಿ, ಅದು ಪೂರ್ತಿ ಕರಗುವುದಿಲ್ಲ, ಅಡಿಯಲ್ಲಿ ಕೂತುಕೊಳ್ತದೆ, ಕಲಕುತ್ತಾ ಕಲಕುತ್ತಾ ಕೊಡಬೇಕು, ಕೊನೆಗೆ ಗ್ಲಾಸಿಗೆ ಇನ್ನೂ ಸ್ವಲ್ಪ ನೀರು ಹಾಕಿ ತೊಳೆದು ಅದನ್ನೂ ಕುಡಿಸಿ, ಇಲ್ಲದಿದ್ರೆ ಅರ್ಧ ಮದ್ದು ಗ್ಲಾಸಲ್ಲೇ ಉಳೀತದೆ. ಅಕ್ಕಚ್ಚಿಗೆ (ಅಕ್ಕಿ ತೊಳೆದ ನೀರಿಗೆ) ಬೆರೆಸಿ ಇಡಬೇಡಿ, ಸೀಕಿನ ಕರು ಪೂರ್ತಿ ಕುಡಿಯುವುದಿಲ್ಲ, ಎಷ್ಟು ಹೊಟ್ಟೆಗೆ ಹೋಯ್ತು ಅಂತ ನಿಮಗೂ ಗೊತ್ತಾಗುವುದಿಲ್ಲ. ಬಿದಿರಿನ ಗೊಟ್ಟದಲ್ಲೋ ಸೂಜಿ ತೆಗೆದ ದೊಡ್ಡ ಸಿರಿಂಜಿನಲ್ಲೋ, ಬಾಯಿಯ ಬದಿಯಿಂದ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿಯುವುದು ದೊಡ್ಡ ತಪ್ಪು, ಮೂಗು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ನಾಲಗೆ ಹೊರಗೆ ಎಳೆಯಲೂ ಬಾರದು. ಕೆಮ್ಮಿದ ಕೂಡ್ಲೇ ತಲೆ ಬಿಡಿ. ಶ್ವಾಸಕೋಶಕ್ಕೆ ಹೋದ್ರೆ ಭೇದಿಯಿಂದ ಸಾಯದ ಕರು ನ್ಯುಮೋನಿಯಾದಿಂದ ಸಾಯ್ತದೆ. ನಿಮಗೆ ಯಾರಿಗಾದ್ರೂ ಸಲ್ಫಾ ಅಲರ್ಜಿ ಉಂಟು ಅಂತ ಆಸ್ಪತ್ರೆಯಲ್ಲಿ ಹೇಳಿದ್ದಿದ್ರೆ ಆ ಗುಳಿಗೆ ಅರೆಯುವ ಕೆಲಸಕ್ಕೆ ನೀವು ಹೋಗಬೇಡಿ, ಮನೆಯಲ್ಲಿ ಬೇರೆ ಯಾರಾದ್ರೂ ಕೈಗವಸು ಹಾಕಿ ಮಾಡಲಿ.

ಈಗ ನೀರು. ನನ್ನ ಮಾತಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳುವುದಾದ್ರೆ ಇದನ್ನು ಇಟ್ಟುಕೊಳ್ಳಿ, ಸಲ್ಫಾ ಕೊಡುವಷ್ಟು ದಿನ ಕರುವಿನ ಮೈಯಲ್ಲಿ ನೀರು ಬತ್ತಬಾರದು. ಮದ್ದು ಮೂತ್ರದ ದಾರಿಯಲ್ಲಿ ಹೊರಗೆ ಹೋಗುವುದು, ಮೂತ್ರ ಕಮ್ಮಿ ಆದ್ರೆ ಅಲ್ಲೇ ಹರಳಾಗಿ ನಿಲ್ತದೆ. ಭೇದಿ ಆಗುವ ಕರುವಿನಲ್ಲಿ ಮೊದಲೇ ನೀರು ಕಮ್ಮಿ. ಕುತ್ತಿಗೆಯ ಚರ್ಮ ಚಿವುಟಿ ಎಳೆದು ಬಿಡಿ, ಕೂಡ್ಲೇ ಹಿಂದೆ ಹೋದ್ರೆ ತೊಂದರೆ ಇಲ್ಲ, ಗುಡಾರದ ಹಾಗೆ ನಿಂತ್ರೆ, ಕಣ್ಣು ಒಳಗೆ ಹೋಗಿದ್ರೆ, ಬಾಯಿ ಒಣಗಿ ತಣ್ಣಗಾಗಿದ್ರೆ ಗುಳಿಗೆ ಕೊಡುವ ಮೊದಲು ಡ್ರಿಪ್ ಬೇಕು, ಡಾಕ್ಟರು ಬರುವವರೆಗೆ ಕಾಯಿರಿ. ಕುಡಿಯುವ ಕರುವಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ, ಸ್ವಲ್ಪ ಸ್ವಲ್ಪವೇ, ದಿನದಲ್ಲಿ ನಾಲ್ಕೈದು ಸಲ. 25 ಕಿಲೋ ಕರುವಿಗೆ ದಿನಕ್ಕೆ ಎರಡೂವರೆ ಲೀಟರ್ ಹೇಗೂ ಬೇಕು, ಭೇದಿಯಲ್ಲಿ ಹೋದದ್ದು ಅದರ ಮೇಲೆ. ಬೊಂಡದ ನೀರೂ (ಎಳನೀರು) ಒಳ್ಳೆಯದು, ಆದ್ರೆ ಅದೊಂದೇ ಸಾಲುವುದಿಲ್ಲ, ಅದರಲ್ಲಿ ಉಪ್ಪಿನ ಅಂಶ ಕಮ್ಮಿ. ಹಾಲು ಪೂರ್ತಿ ನಿಲ್ಲಿಸಬೇಡಿ, ಉಪ್ಪು ಸಕ್ಕರೆ ನೀರನ್ನು ಹಾಲಿಗೆ ಬೆರೆಸದೆ ಎರಡಕ್ಕೂ ನಡುವೆ ಎರಡು ಗಂಟೆ ಬಿಟ್ಟು ಕೊಡಿ. ಅತ್ತೆಯವರು ಮಾಡುವ ಕೊಡಸಿಗೆ ಚಕ್ಕೆಯ ಕಷಾಯಕ್ಕೆ ನಾನು ವಿರೋಧ ಅಲ್ಲ, ಆದ್ರೆ ಅದನ್ನು ಕೊಡುವುದಾದ್ರೆ ಡಾಕ್ಟರಿಗೆ ಹೇಳಿಯೇ ಕೊಡಿ.

ಎರಡನೇ ದಿನಕ್ಕೆ ರಕ್ತ ಕಮ್ಮಿ ಆಗ್ತದೆ, ಕರು ಎದ್ದು ಓಡಾಡ್ತದೆ, ಆಗ ಗುಳಿಗೆ ನಿಲ್ಲಿಸುವ ಮನಸ್ಸಾಗ್ತದೆ. ನಿಲ್ಲಿಸಬೇಡಿ, ಚೀಟಿಯಲ್ಲಿ ಎಷ್ಟು ದಿನ ಉಂಟೋ ಅಷ್ಟು ಕೊಡಿ. ಹಾಗೇ ಚೆನ್ನಾಗಿ ಕೆಲಸ ಮಾಡಿತು ಅಂತ ವಾರಗಟ್ಟಲೆ ಎಳೆಯಲೂ ಬಾರದು, ಹೊಟ್ಟೆಯಲ್ಲಿರುವ ಒಳ್ಳೆಯ ಜೀವಿಗಳೂ ಹೋಗಿ ಮೇವು ಕರಗುವುದು ನಿಲ್ತದೆ. ಮೂರು ದಿನ ಕೊಟ್ರೂ ಏನೂ ಬದಲಾವಣೆ ಇಲ್ಲ ಅಂದ್ರೆ ಡೋಸು ಏರಿಸುವುದಲ್ಲ, ಡಾಕ್ಟರಿಗೆ ಫೋನ್ ಮಾಡುವುದು. ಇನ್ನೊಂದು ಬೇಸರದ ಸತ್ಯ, ರಕ್ತ ಕಾಣುವ ಹೊತ್ತಿಗೆ ಕರುಳಿಗೆ ಆಗುವ ಹಾನಿ ಅರ್ಧಕ್ಕಿಂತ ಜಾಸ್ತಿ ಆಗಿರ್ತದೆ, ಮದ್ದು ಮುಂದಿನದ್ದನ್ನು ಮಾತ್ರ ತಡೀತದೆ. ಅದಕ್ಕೆ ಒಂದು ಕರುವಿಗೆ ಬಂದ್ರೆ ಅದೇ ಹಟ್ಟಿಯ ಬೇರೆ ಕರುಗಳಿಗೂ ಕೊಡಬೇಕಾ ಅಂತ ಆ ದಿನವೇ ಕೇಳಿ. ಮೂತ್ರ ದಿನಾ ನೋಡಿ. ಹನಿ ಹನಿ, ಕೆಂಪು, ತಿಣುಕುವುದು, ಮೈಮೇಲೆ ದದ್ದು, ಇದರಲ್ಲಿ ಯಾವುದು ಕಂಡ್ರೂ ಮುಂದಿನ ಡೋಸು ಕೊಡದೆ ಡಾಕ್ಟರಿಗೆ ತಿಳಿಸಿ.

ದೊಡ್ಡ ದನಕ್ಕೆ ಗೊರಸಿನ ಸಂದಿನಲ್ಲಿ ಹುಣ್ಣಾಗಿ ಬಾತು ನಾರುವಾಗಲೂ, ಉಸಿರಾಟದ ತೊಂದರೆಗೂ ಡಾಕ್ಟರು ಸಲ್ಫಾ ಇಂಜೆಕ್ಷನ್ ಕೊಡುವುದುಂಟು. ಆ ದ್ರಾವಣ ಕ್ಷಾರ, ಮಾಂಸಕ್ಕೆ ಹಾಕಿದ್ರೆ ಅಲ್ಲೇ ಕೊಳೆಯುವಷ್ಟು ಉರಿ, ರಕ್ತದ ನರಕ್ಕೆ ಬೇಗ ಬೇಗ ಬಿಟ್ರೆ ದನ ಅಲ್ಲೇ ಬೀಳ್ತದೆ. ನಾವೇ ಚುಚ್ಚಿಕೊಳ್ಳುವ ಮದ್ದು ಇದಲ್ಲ. ನಮ್ಮ ಕೆಲಸ ಹುಣ್ಣಿನ ಕೀವು, ಸತ್ತ ಮಾಂಸ ಚೆನ್ನಾಗಿ ತೊಳೆದು ತೆಗೆಯುವುದು, ಯಾಕಂದ್ರೆ ಕೀವಿನಲ್ಲಿ ಆ ಪಾಬಾ ಧಾರಾಳ ಇರ್ತದೆ, ರೋಗಾಣು ಅದನ್ನು ತಿಂದುಕೊಂಡು ಸಲ್ಫಾವನ್ನು ಲೆಕ್ಕಕ್ಕೇ ಇಡುವುದಿಲ್ಲ.

ಹಾಲು ಕೊಡುವ ದನಕ್ಕೆ ಹಾಕುವುದಾದ್ರೆ ಮೊದಲ ಪ್ರಶ್ನೆ ಹಾಲಿನದ್ದೇ. ಸಲ್ಫಾ ಹಾಲಿಗೆ ಬರ್ತದೆ, ಕಾಯಿಸಿದ್ರೆ ಹೋಗುವುದಿಲ್ಲ. ಅಮೆರಿಕದಲ್ಲಿ 20 ತಿಂಗಳು ದಾಟಿದ ಹಾಲಿನ ತಳಿಯ ದನಕ್ಕೆ ಸಲ್ಫಾಡಿಮಿಡಿನ್ ಕೊಡ್ಲಿಕ್ಕೇ ಇಲ್ಲ. ನಮ್ಮ ದೇಶದ ನಿಯಮ ಹೀಗೆ: ಲೇಬಲ್‌ನಲ್ಲಿ ಎಷ್ಟು ದಿನ ಹಾಲು, ಮಾಂಸ ಬಳಸಬಾರದು ಅಂತ ಬರೆದಿರಬೇಕು, ಆ ಮದ್ದಿಗೆ ಅಂತ ಪರೀಕ್ಷೆ ಮಾಡಿ ನಿಗದಿ ಮಾಡದಿದ್ರೆ ಕೊನೆ ಡೋಸಿನ ನಂತರ ಹಾಲಿಗೆ, ಮೊಟ್ಟೆಗೆ ಕಮ್ಮಿ ಅಂದ್ರೂ 7 ದಿನ, ಮಾಂಸಕ್ಕೆ 28 ದಿನ. ಕೊನೆ ಡೋಸಿನಿಂದ, ಸುರುವಿನಿಂದ ಅಲ್ಲ. ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಬರೆದು ಇಡಿ, ಹಾಲು ಕರೆಯುವವರು ಬೇರೆ ಆದ್ರೆ ದನದ ಕುತ್ತಿಗೆಗೆ ಒಂದು ಕೆಂಪು ಬಟ್ಟೆ ಕಟ್ಟಿ. ಸೊಸೈಟಿಗೆ ಕೊಡುವ ಹಾಲು ಹತ್ತು ಮನೆಯದ್ದರ ಜೊತೆ ಸೇರಿ ಕೇರಳದ ಹಾಲು ಒಕ್ಕೂಟ ಮಿಲ್ಮಾಕ್ಕೆ ಹೋಗುವುದು, ನಮ್ಮ ಎರಡು ಲೀಟರು ಇಡೀ ಕ್ಯಾನಿಗೆ ಸೇರ್ತದೆ, ಆ ಪ್ಯಾಕೆಟು ಯಾವುದೋ ಊರಿನ ಮಗುವಿನ ಲೋಟಕ್ಕೆ ಬೀಳ್ತದೆ, ಆ ಮಗುವಿಗೆ ಸಲ್ಫಾ ಅಲರ್ಜಿ ಇರಬಹುದು. 7 ದಿನದ ಹಾಲು ಚೆಲ್ಲುವುದು ಕಷ್ಟವೇ, ಅಷ್ಟು ದುಡ್ಡು ಹೋಗ್ತದೆ, ನನಗೂ ಹೊಟ್ಟೆ ಉರಿದಿದೆ. ಅದಕ್ಕೇ ಚೀಟಿ ಬರೆಯುವಾಗಲೇ ಕೇಳಿ, ಡಾಕ್ಟ್ರೇ ಇದು ಕರೆಯುವ ದನ, ಬೇಗ ಹಾಲು ಬಳಸಲಿಕ್ಕಾಗುವ ಬೇರೆ ಮದ್ದು ಉಂಟಾ ಅಂತ. ಆ ಹಾಲನ್ನು ಕರುವಿಗೆ, ನಾಯಿಗೆ, ಬೆಕ್ಕಿಗೆ ಕುಡಿಸಿ ಮುಗಿಸಬೇಡಿ, ಸ್ವಲ್ಪ ಸ್ವಲ್ಪ ಮದ್ದು ತಿಂದ ರೋಗಾಣುವೇ ಮುಂದೆ ಮದ್ದಿಗೆ ಬಗ್ಗದೆ ಹೋಗುವುದು. ಬಕ್ರೀದಿಗೆ ಆಡು ಕೊಡುವವರು 28 ದಿನದ ಲೆಕ್ಕ ಮೊದಲೇ ಹಾಕಿ, ಆಗಲಿಕ್ಕಿಲ್ಲ ಅಂದ್ರೆ ತಕ್ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ.

ಕೇರಳದಲ್ಲಿ 2024ರಿಂದ ಆಪರೇಷನ್ ಅಮೃತ್ ಅಂತ ಸುರು ಮಾಡಿ, ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಮೆಡಿಕಲ್‌ಗಳನ್ನು ಹಿಡಿಯುವ ಕ್ರಮ ಬಂದಿದೆ. ಇಲ್ಲಿ ಸಿಗದಿದ್ರೆ ಅಡ್ಕಸ್ಥಳ ದಾಟಿ ಆಚೆ ಕರ್ನಾಟಕಕ್ಕೆ ಹೋಗಿ ತರುವವರಿದ್ದಾರೆ. ಗಡಿ ನಮಗೆ ಭಾಷೆಗೆ, ನೆಂಟಸ್ತಿಕೆಗೆ ಇಲ್ಲ, ನಿಜ. ಆದ್ರೆ ಹೀಗೆ ತಂದಿಟ್ಟ ಗುಳಿಗೆಯಿಂದಲೇ ನನ್ನ ಕರು ಸಾಯುವಷ್ಟಕ್ಕೆ ಬಂದದ್ದು.

ಮದ್ದು ಮುಗಿದ ಮೇಲೂ ಹಟ್ಟಿ ಹಾಗೇ ಇದ್ರೆ ಹದಿನೈದು ದಿನಕ್ಕೆ ರೋಗ ಮತ್ತೆ ಬರ್ತದೆ. ಕಾಕ್ಸಿಡಿಯಾದ ಮೊಟ್ಟೆ ಸೆಗಣಿಯಲ್ಲಿ ಹೊರಗೆ ಬಿದ್ದ ಕೂಡ್ಲೇ ರೋಗ ತರುವುದಿಲ್ಲ, ಹಸಿ ಮತ್ತು ಬೆಚ್ಚಗಿನ ಜಾಗದಲ್ಲಿ ಎರಡು ದಿನದಿಂದ ಒಂದು ವಾರದೊಳಗೆ ಬಲೀತದೆ. ನಮ್ಮ ಹಟ್ಟಿಗೆ ಸೊಪ್ಪು ಹಾಕುವ ಕ್ರಮ ಅಡಿಕೆ ತೋಟಕ್ಕೆ ಗೊಬ್ಬರ ಕೊಡುವ ಚಿನ್ನದಂಥ ಕ್ರಮ, ಅದನ್ನು ಬಿಡಿ ಅಂತ ನಾನು ಹೇಳ್ಲಿಕ್ಕಿಲ್ಲ, ಆದ್ರೆ ಮಳೆಗಾಲದಲ್ಲಿ ಹಸಿ ಸೊಪ್ಪಿನ ಮೇಲೆ ಹಸಿ ಸೊಪ್ಪು ಹಾಕಿ ಅದರಲ್ಲೇ ಎಳೆ ಕರುವನ್ನು ಕಟ್ಟುವುದು ಬೇಡ. ಕರುವಿಗೆ ಬೇರೆ ಮೂಲೆ ಮಾಡಿ, ಅಡಿಕೆ ಸಲಾಕೆಯ ಅಟ್ಟಣಿಗೆ ಹಾಕಿ ಮೂತ್ರ ಕೆಳಗೆ ಇಳಿಯುವ ಹಾಗೆ ಮಾಡಿ, ಮೇಲೆ ಒಣ ಬೈಹುಲ್ಲೋ ಬೇಸಿಗೆಯಲ್ಲಿ ಒಟ್ಟಿದ ತರಗೆಲೆಯೋ ಹಾಸಿ ದಿನಾ ತೆಗೆಯಿರಿ. ಫಿನಾಯಿಲ್ ಹಾಕಿದ್ರೆ ಆ ಮೊಟ್ಟೆ ಸಾಯುವುದಿಲ್ಲ, ಕುದಿಯುವ ನೀರು, ಬಿಸಿಲು, ಒಣಗು ಇವಕ್ಕೆ ಮಾತ್ರ ಬಗ್ತದೆ. ಮೇವನ್ನು ನೆಲಕ್ಕೆ ಹಾಕಬೇಡಿ, ಎತ್ತರದಲ್ಲಿ ಕಟ್ಟಿ. ನನಗೆ ಕೇಳಿದ್ರೆ ಈ ಅಟ್ಟಣಿಗೆ ಮಾಡಿದ ಮೇಲೆ ನಮ್ಮಲ್ಲಿ ಗುಳಿಗೆಯ ಅಗತ್ಯವೇ ಎರಡು ಮಳೆಗಾಲದಲ್ಲಿ ಒಂದು ಸಲ ಮಾತ್ರ ಬಂತು.

ಮನೆ ಕೋಳಿಗಳಿಗೂ ಇದೇ ರೋಗ ಬರ್ತದೆ, ರೆಕ್ಕೆ ಜೋತು ಹಾಕಿ ಮುದುಡಿ ಕೂತು ಕೆಂಪಾಗಿ ಹಾಕ್ತವೆ. ಅವಕ್ಕೆ ಕೊಡುವುದು ಜಾಸ್ತಿ ಸಲ್ಫಾಕ್ವಿನಾಕ್ಸಲಿನ್, ನೀರಲ್ಲಿ, ಮೂರು ದಿನ ಕೊಟ್ಟು ಎರಡು ದಿನ ಬಿಟ್ಟು ಮತ್ತೆ ಮೂರು ದಿನ ಅನ್ನುವ ಕ್ರಮದಲ್ಲಿ. ಜಾಸ್ತಿ ದಿನ ಎಳೆದ್ರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಹೋಗಿ ಒಳಗೇ ರಕ್ತ ಸೋರಿ ಸಾಯ್ತವೆ. ಮೊಟ್ಟೆ ಇಡುವ ಹೇಂಟೆಗೆ ಕೊಡುವುದು ಬೇಡ, ಆಂಪ್ರೋಲಿಯಂ ಅನ್ನುವ ಬೇರೆ ಮದ್ದು ಉಂಟು, ಅದನ್ನು ಕೇಳಿ.

ಕೊನೆಗೆ ಉಳಿದ ಗುಳಿಗೆ, ಬಕೆಟು, ಸೆಗಣಿ. ಗುಳಿಗೆ ಬೆಳಕಿಗೆ ಬಣ್ಣ ಕೆಡ್ತದೆ, ಹಸಿಗೆ ಹುಡಿಯಾಗ್ತದೆ, ಮಳೆಗಾಲದಲ್ಲಿ ಹಟ್ಟಿಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿಡುವ ಜಾಗ ಅಲ್ಲ, ಮುಚ್ಚಳದ ಡಬ್ಬಿಯಲ್ಲಿ ಮಕ್ಕಳಿಗೆ ಸಿಗದ ಕಡೆ ಇಡಿ, ಅರ್ಧ ಉಳಿದದ್ದನ್ನು ಮುಂದಿನ ವರ್ಷಕ್ಕೆ ಅಂತ ಇಡಲೇಬೇಡಿ. ಮದ್ದು ಕಲಸಿದ ಪಾತ್ರೆಯಲ್ಲಿ ಬೇರೆ ದನಕ್ಕೆ ಅಕ್ಕಚ್ಚು ಇಡುವ ಮೊದಲು ಸೋಪು ಹಾಕಿ ತೊಳೆಯಿರಿ, ಅಮೆರಿಕದ ಹಂದಿ ಫಾರ್ಮುಗಳಲ್ಲಿ ಮದ್ದಿನ ಹುಡಿ ಆಹಾರದ ಮಿಷನಿಗೆ ಅಂಟಿ, ಸೆಗಣಿಯಲ್ಲೂ ಉಳಿದು, ಮದ್ದು ನಿಲ್ಲಿಸಿದ ಮೇಲೂ ಮಾಂಸದಲ್ಲಿ ಕಾಣಿಸಿಕೊಂಡು ಅವರು ವರ್ಷಗಟ್ಟಲೆ ಒದ್ದಾಡಿದ್ದಾರೆ. ಮದ್ದು ತಿಂದ ಕರುವಿನ ಸೆಗಣಿ ಮೂತ್ರದಲ್ಲೂ ಸಲ್ಫಾ ಹೊರಗೆ ಬರ್ತದೆ, ಮಣ್ಣಲ್ಲಿ ನೀರಿನ ಜೊತೆ ಸುಲಭದಲ್ಲಿ ಇಳೀತದೆ. ನಮ್ಮಲ್ಲಿ ಕುಡಿಯುವ ನೀರು ಸುರಂಗದಿಂದ, ಗುಡ್ಡದ ಹೊಟ್ಟೆಯಿಂದ ಒಸರಿ ಬರುವುದು. ಹಾಗಾಗಿ ಆ ದಿನಗಳ ಸೆಗಣಿ, ಚೆಲ್ಲುವ ಹಾಲು ಎರಡನ್ನೂ ಸುರಂಗದ ಮೇಲ್ಬದಿಗೆ, ಕೆರೆಯ ಕರೆಗೆ, ತೋಡಿಗೆ ಹಾಕದೆ, ಕೆಳಬದಿಯಲ್ಲಿ ಒಂದು ಬೇರೆ ಗುಂಡಿ ತೋಡಿ ಸೊಪ್ಪು ಮಣ್ಣು ಮುಚ್ಚಿ ಹಾಕಿ, ಅದು ಪೂರ್ತಿ ಕೊಳೆತು ಗೊಬ್ಬರ ಆದ ಮೇಲೆ ಅಡಿಕೆ ಬುಡಕ್ಕೆ ಹಾಕಿದ್ರಾಯ್ತು.